ಜೆಡೆಪ್ಸ್ ಹಿಡಿದು ಹಳೇ ಜಾವಾ ಪ್ರೋಗ್ರಾಂ ಬಿಚ್ಚಿದ ದಾಖಲೆ

ಒಂದು ಕೋಲ್ಡ್ ಸ್ಟೋರೇಜಿನ ಹಳೇ ಜಾವಾ ಪ್ರೋಗ್ರಾಂ ಅನ್ನು, ಜೆಡೆಪ್ಸ್ ಅನ್ನುವ ಹತಾರ ಹಿಡಿದು ಹೊಸ ಜಾವಾಕ್ಕೆ ತರುವ ಕೆಲಸ 2025ರ ಫೆಬ್ರುವರಿ 15, ಶನಿವಾರ ಮುಗಿಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ತರದ ಹಳೇ ಜಾವಾ ಪ್ರೋಗ್ರಾಂಗಳು ನಮ್ಮ ಕಡೆ ಗೋದಾಮು, ಸೊಸೈಟಿ, ಅಡತಿ ಅಂಗಡಿಗಳಲ್ಲಿ ಇನ್ನೂ ಓಡುತ್ತಿವೆ, ಬರೆದವರು ಎಲ್ಲಿದ್ದಾರೋ ಗೊತ್ತಿಲ್ಲ, ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಯಾವ ಸಿಡಿಯಲ್ಲಿದೆಯೋ ಗೊತ್ತಿಲ್ಲ. ಒಂದು ದಿನ ಕಂಪ್ಯೂಟರ್ ಸುಟ್ಟಿತು ಅಂದ್ರೆ ಎಲ್ಲ ನಿಲ್ಲುತ್ತದೆ. ನನಗೆ ಆದದ್ದು ಅದೇ.

ಜಾಗ: ವಿಜಯಪುರದಿಂದ ತಿಕೋಟಾ ಕಡೆ ಹೋಗುವಾಗ ಸಿಗುವ ಒಂದು ಕೋಲ್ಡ್ ಸ್ಟೋರೇಜು. ಅಲ್ಲಿ ಇಡುವುದು ಒಣದ್ರಾಕ್ಷಿ, ನಮ್ಮ ಮಾತಿನಲ್ಲಿ ಮಣೂಕ. ರೈತರು ಶೆಡ್ಡಿನಲ್ಲಿ ಒಣಗಿಸಿ 15 ಕೆಜಿ ಬಾಕ್ಸಿನಲ್ಲಿ ತುಂಬಿ ತರುತ್ತಾರೆ, ದರ ಬರುವವರೆಗೆ ಇಲ್ಲಿ ಇಡುತ್ತಾರೆ, ಆಮೇಲೆ ಇಲ್ಲೇ ಅಥವಾ ತಾಸಗಾಂವ ಪೇಟೆಗೆ ಕಳಿಸಿ ಮಾರುತ್ತಾರೆ. ಗಾಡಿ ಬಂದಾಗ ಬಾಕ್ಸನ್ನು ಕಾಟಾ ಮೇಲೆ ಇಡಬೇಕು, ಕಾಟಾದಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಕಂಪ್ಯೂಟರಿಗೆ ಬರುತ್ತದೆ, ಪ್ರೋಗ್ರಾಂ ಅದನ್ನು ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನಲ್ಲಿ ಬರೆದು ಕನ್ನಡದಲ್ಲಿ ಪಾವತಿ (ರಸೀದಿ) ಮುದ್ರಿಸುತ್ತದೆ. ಜಾವಾ 6 ಕಾಲದ ಸ್ವಿಂಗ್ ಪ್ರೋಗ್ರಾಂ, ಸ್ವಿಂಗ್ ಅಂದ್ರೆ ಪರದೆಯ ಕಿಟಕಿ, ಬಟನ್ ಮಾಡುವ ಜಾವಾದ ಭಾಗ. ಮಾಲಕರು ದುಡ್ಡು ಕೊಟ್ಟು ಬರೆಸಿಕೊಂಡದ್ದು, ಕಾಗದವೂ ಅವರ ಹತ್ತಿರ ಇದೆ. ಆದರೆ ಸಿಡಿಯಲ್ಲಿ ಸಿಕ್ಕಿದ್ದು ಮೊದಲ ಆವೃತ್ತಿಯ ಸೋರ್ಸ್ ಮಾತ್ರ. ಆಮೇಲಿನ ಬದಲಾವಣೆಗಳು ಜಾರ್ ಫೈಲಿನೊಳಗೆ, ಅಂದ್ರೆ ಕಂಪೈಲ್ ಆದ ಕೋಡನ್ನು ಕಟ್ಟಿಟ್ಟ ಗಂಟಿನೊಳಗೆ ಮಾತ್ರ ಇವೆ.

ಜನವರಿಯಲ್ಲಿ ಹಳೇ ವಿಂಡೋಸ್ 7 ಯಂತ್ರದ ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಉಳಿಯಿತು. ಹೊಸ ಯಂತ್ರ ವಿಂಡೋಸ್ 11. ಮೊದಲು ಅದರ ಮೇಲೆ 32 ಬಿಟ್‌ನ ಜಾವಾ 8 ಹಾಕಿ ಹಾಗೇ ಓಡಿಸಿದೆ. ಓಡಿತು. ಆದರೆ ಹೊಸ ಯಂತ್ರಕ್ಕೆ ಸೀರಿಯಲ್ ಪೋರ್ಟ್ ಇಲ್ಲ, ಯುಎಸ್‌ಬಿ ಕೇಬಲ್ ಬೇಕು, ಆ ಕೇಬಲ್ ಸ್ವಲ್ಪ ಅಲುಗಾಡಿದರೂ ಇಡೀ ಪ್ರೋಗ್ರಾಂ ಮುಚ್ಚಿಕೊಳ್ಳುತ್ತಿತ್ತು. ಫೆಬ್ರುವರಿ ಕೊನೆಗೆ ಹೊಸ ಮಾಲಿನ ಆವಕ ಶುರು. ಗಾಡಿಗಳ ಸಾಲು ನಿಂತಾಗ ಹೀಗಾದರೆ ಏನು ಗತಿ? ಅದಕ್ಕೇ ಪೂರ್ತಿ ಜಾವಾ 21ಕ್ಕೆ ತರೋಣ ಅಂತ ನಿರ್ಧಾರ ಮಾಡಿದೆವು.

ಬಳಸಿದ ಸಾಮಾನು: ನನ್ನ ಉಬುಂಟು ಲ್ಯಾಪ್‌ಟಾಪ್, ಓಪನ್ ಜೆಡಿಕೆ 21 (ಜಾವಾ ಪ್ರೋಗ್ರಾಂ ಕಟ್ಟುವ ಹತಾರಗಳ ಕಟ್ಟು), ಗ್ರಾಫ್‌ವಿಜ್ (ನಕ್ಷೆ ಬಿಡಿಸುವುದು), ಸಿಎಫ್ಆರ್ ಡಿಕಂಪೈಲರ್ (ಕಂಪೈಲ್ ಆದದ್ದನ್ನು ಮತ್ತೆ ಸೋರ್ಸ್ ಮಾಡುವುದು), ಗಿಟ್ (ಬದಲಾವಣೆಗಳ ದಾಖಲೆ ಇಟ್ಟು ಹಿಂದಕ್ಕೆ ಹೋಗಲು ಬಿಡುವುದು). ಮುಖ್ಯ ಹತಾರ ಜೆಡೆಪ್ಸ್. ಜೆಡಿಕೆ 8ರಿಂದ ಅದು ಜೆಡಿಕೆ ಜೊತೆಗೇ ಬರುತ್ತದೆ, ಬೇರೆ ಇಳಿಸಿಕೊಳ್ಳುವ ಕೆಲಸ ಇಲ್ಲ. ಸೋರ್ಸ್ ಬೇಡ ಅದಕ್ಕೆ. ಕಂಪೈಲ್ ಆದ ಕ್ಲಾಸ್ ಫೈಲುಗಳನ್ನೇ (ಪ್ರೋಗ್ರಾಂನ ತುಣುಕುಗಳನ್ನೇ) ಓದಿ, ಯಾವ ಕ್ಲಾಸಿಗೆ ಯಾವ ಜಾರಿನ ಯಾವ ಪ್ಯಾಕೇಜ್ (ಕ್ಲಾಸುಗಳ ಗುಂಪು) ಬೇಕು ಅಂತ ಟರ್ಮಿನಲ್‌ನಲ್ಲಿ ಪಟ್ಟಿ ಕೊಡುತ್ತದೆ. ಸೋರ್ಸ್ ಕಳೆದುಹೋದ ನನ್ನಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ಬೇರೆ ಸಿಗಲಿಲ್ಲ.

ಹಂತ 1, ಫೆಬ್ರುವರಿ 3, ಸೋಮವಾರ

ಹಳೇ ಡಿಸ್ಕಿನಿಂದ ಇಡೀ ಫೋಲ್ಡರ್ ನಕಲು ಮಾಡಿಕೊಂಡೆ. ಮುಖ್ಯ ಜಾರ್ ಒಂದು, ಅದು ಬಳಸುವ ಲೈಬ್ರರಿಗಳ ಲಿಬ್ ಫೋಲ್ಡರಿನಲ್ಲಿ 37 ಜಾರ್, ಒಟ್ಟು 41 ಎಂಬಿ. ಏನೂ ಮುಟ್ಟುವ ಮೊದಲು ಎಲ್ಲವನ್ನೂ ಗಿಟ್‌ಗೆ ಹಾಕಿದೆ. ಜಾರ್ ಫೈಲುಗಳನ್ನು ಗಿಟ್‌ನಲ್ಲಿ ಇಡಬಾರದು ಅಂತ ಹೇಳುತ್ತಾರೆ, ಇರಲಿ. ಮುಂದೆ ಎರಡು ಸಲ ನನ್ನನ್ನು ಉಳಿಸಿದ್ದು ಇದೇ.

ಮೊದಲ ಕಮಾಂಡು: ಜೆಡೆಪ್ಸ್ -ಎಸ್, ಮುಂದೆ ಮುಖ್ಯ ಜಾರಿನ ಹೆಸರು. ಎಸ್ ಅಂದ್ರೆ ಸಾರಾಂಶ, ಜಾರ್ ಮಟ್ಟದಲ್ಲಿ ಮಾತ್ರ ತೋರಿಸುತ್ತದೆ. ನಾಲ್ಕು ಸಾಲು ಬಂತು. ಒಂದು ಸಾಲಿನಲ್ಲಿ ಬಾಣದ ಗುರುತಿನ ಮುಂದೆ ‘ನಾಟ್ ಫೌಂಡ್’.

ಇಲ್ಲಿ ಮೊದಲ ತಪ್ಪು. ಜಾರ್‌ಗಳೇ ಕಾಣೆಯಾಗಿವೆ ಅಂತ ತಿಳಿದು, ಪೂರ್ತಿ ಪಟ್ಟಿ ತೆಗೆದು, ಒಂದೊಂದೇ ಪ್ಯಾಕೇಜ್ ಹೆಸರು ಹುಡುಕಿ, ಜಾರ್ ಇಳಿಸಿಕೊಳ್ಳುತ್ತಾ ಕೂತೆ. ಒಂದೂವರೆ ಗಂಟೆ ಹೋಯಿತು. ಆರನೇ ಜಾರ್ ಇಳಿಸುವಾಗ ನೋಡಿದರೆ ಅದೇ ಹೆಸರಿನದು ಲಿಬ್ ಫೋಲ್ಡರಿನಲ್ಲಿ ಆಗಲೇ ಇದೆ. ಜೆಡೆಪ್ಸ್ ಲಿಬ್ ಫೋಲ್ಡರನ್ನು ತಾನಾಗಿ ನೋಡುವುದಿಲ್ಲ. ಎಲ್ಲಿ ಹುಡುಕಬೇಕು ಅಂತ ನಾವೇ ಕ್ಲಾಸ್‌ಪಾತ್ ಕೊಡಬೇಕು. ಕೊಡದಿದ್ದರೆ ಜೆಡಿಕೆಯಲ್ಲಿ ಇಲ್ಲದ್ದೆಲ್ಲ ‘ನಾಟ್ ಫೌಂಡ್’. ಇಳಿಸಿದ ಐದನ್ನೂ ಅಳಿಸಿಹಾಕಿದೆ.

ಹಂತ 2, ಫೆಬ್ರುವರಿ 4

-ಸಿಪಿ (ಕ್ಲಾಸ್‌ಪಾತ್) ಹಾಕಿ ಲಿಬ್, ಓರೆ ಗೆರೆ, ನಕ್ಷತ್ರ ಚಿಹ್ನೆ ಕೊಟ್ಟೆ. ಈ ಸಲ ಪರದೆ ತುಂಬ ಸಾಲುಗಳು ಓಡಿದವು. ಮುಖ್ಯ ಜಾರಿನ ಬಗ್ಗೆ ಕೇಳಿದರೆ, ನಾನು ಕೇಳದ ಜಾರ್‌ಗಳ ವಿಷಯವೂ ಬಂತು. ಕಾರಣ ಚಿಕ್ಕದು. ನಕ್ಷತ್ರದ ಸುತ್ತ ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಹಾಕದಿದ್ದರೆ ಲಿನಕ್ಸ್‌ನ ಶೆಲ್ (ನಾವು ಬರೆದ ಕಮಾಂಡನ್ನು ಮೊದಲು ಓದುವುದು) ತಾನೇ ಅದನ್ನು 37 ಹೆಸರುಗಳಾಗಿ ಬಿಡಿಸಿಬಿಡುತ್ತದೆ, ಮೊದಲನೇ ಜಾರ್ ಮಾತ್ರ ಕ್ಲಾಸ್‌ಪಾತ್ ಆಗುತ್ತದೆ, ಉಳಿದ 36ನ್ನು ‘ಇವನ್ನೂ ಪರೀಕ್ಷೆ ಮಾಡು’ ಅಂತ ಜೆಡೆಪ್ಸ್ ತಿಳಿದುಕೊಳ್ಳುತ್ತದೆ. ಒಂಟಿ ಉದ್ಧರಣ ಚಿಹ್ನೆ ಹಾಕಿದ ಮೇಲೆ ಸರಿಯಾಯಿತು.

ಇನ್ನೊಂದು ಮಾತು. ಸುಮ್ನೆ ಓಡಿಸಿದರೆ ಮುಖ್ಯ ಜಾರ್ ನೇರವಾಗಿ ಮುಟ್ಟುವುದನ್ನು ಮಾತ್ರ ಹೇಳುತ್ತದೆ. ಆ ಜಾರ್ ಮತ್ತೆ ಯಾವುದನ್ನು ಕರೆಯುತ್ತದೆ, ಅದು ಮತ್ತೆ ಯಾವುದನ್ನು, ಹೀಗೆ ಕೊನೆತನಕ ಹೋಗಬೇಕು ಅಂದ್ರೆ ದೊಡ್ಡಕ್ಷರದ -ಆರ್ ಬೇಕು. ನೇರವಾಗಿ ಮುಟ್ಟುವುದು 11 ಜಾರ್. ಆರ್ ಹಾಕಿದ ಮೇಲೆ 19. ಉಳಿದ 18 ಜಾರ್‌ಗಳ ಹೆಸರು ಎಲ್ಲೂ ಇಲ್ಲ. ಈ 18ರ ಕತೆ ಮುಂದೆ ಬರುತ್ತದೆ.

ಹಂತ 3, ಫೆಬ್ರುವರಿ 5

ಜಾವಾ 21ರಲ್ಲಿ ಏನೇನು ಮುರಿಯುತ್ತದೆ ಅಂತ ಮೊದಲೇ ತಿಳಿಯಬೇಕಿತ್ತು. ಅದಕ್ಕೆ -ಜೆಡಿಕೆಇಂಟರ್ನಲ್ಸ್ ಅನ್ನುವ ಆಯ್ಕೆ. ಜಾವಾದ ಒಳಮನೆಯ ಕ್ಲಾಸುಗಳನ್ನು, ಅಂದ್ರೆ ಹೊರಗಿನವರು ಮುಟ್ಟಬಾರದ ಕ್ಲಾಸುಗಳನ್ನು ಯಾರು ಮುಟ್ಟಿದ್ದಾರೆ ಅಂತ ಇದು ಹಿಡಿದು ತೋರಿಸುತ್ತದೆ. ನಮ್ಮಲ್ಲಿ ಎರಡು ಕ್ಲಾಸು ಸನ್.ಮಿಸ್ಕ್‌ನ ಬೇಸ್64 ಎನ್‌ಕೋಡರ್ ಮತ್ತು ಡಿಕೋಡರ್ ಬಳಸುತ್ತಿದ್ದವು. ಬೇಸ್64 ಅಂದ್ರೆ ಚಿತ್ರದಂಥ ಫೈಲನ್ನು ಸಾದಾ ಅಕ್ಷರಗಳಾಗಿ ಬರೆಯುವ ರೀತಿ. ಪಕ್ಕದಲ್ಲೇ ‘ತೆಗೆದುಹಾಕಿದ್ದು’ ಅಂತ ಗುರುತು, ಕೆಳಗೆ ಕೋಷ್ಟಕದಲ್ಲಿ ‘ಜಾವಾ.ಯುಟಿಲ್.ಬೇಸ್64 ಬಳಸಿ, 1.8ರಿಂದ ಇದೆ’ ಅಂತ ಸಲಹೆ. ತಪ್ಪನ್ನೂ ಹೇಳಿ ದಾರಿಯನ್ನೂ ಹೇಳುವ ಹತಾರ ಕಮ್ಮಿ, ಅದಕ್ಕೇ ನನಗೆ ಇದು ಇಷ್ಟ.

ಇದರ ಜೊತೆಗೆ, ಕ್ಲಾಸ್‌ಪಾತ್ ಪೂರ್ತಿ ಕೊಟ್ಟ ಮೇಲೂ ಉಳಿದ ‘ನಾಟ್ ಫೌಂಡ್’ ಒಂದೇ: ಜಾವಾಎಕ್ಸ್.ಎಕ್ಸ್‌ಎಂಎಲ್.ಬೈಂಡ್. ಇದು ಹಿಂದೆ ಜಾವಾ ಜೊತೆಗೇ ಬರುತ್ತಿತ್ತು, 2018ರ ಜಾವಾ 11ರಲ್ಲಿ ತೆಗೆದರು. ಸೆಟ್ಟಿಂಗ್ಸ್ ಫೈಲ್ ಓದಲು ಒಂದೇ ಒಂದು ಕ್ಲಾಸ್ ಇದನ್ನು ಬಳಸಿತ್ತು.

ಅದೇ ಭಾಗ ಈಗ ಜಾಕ್ಸ್‌ಬಿ ಅನ್ನುವ ಹೆಸರಿನಲ್ಲಿ ಹೊರಗೆ ಸಿಗುತ್ತದೆ, ಆ ಜಾರ್ ತಂದು ಲಿಬ್‌ಗೆ ಹಾಕಿದೆ. ಮತ್ತೆ ಜೆಡೆಪ್ಸ್ ಓಡಿಸಿದರೆ ಓಡಲೇ ಇಲ್ಲ. ‘ಇದು ಮಲ್ಟಿ-ರಿಲೀಸ್ ಜಾರ್, ಆ ಆಯ್ಕೆ ಕೊಟ್ಟಿಲ್ಲ’ ಅಂತ ಹೇಳಿ ನಿಂತಿತು. ಒಂದೇ ಜಾರಿನೊಳಗೆ ಜಾವಾ 8ಕ್ಕೆ ಒಂದು, 9ಕ್ಕೆ ಒಂದು ಅಂತ ಬೇರೆ ಬೇರೆ ಕ್ಲಾಸ್ ಇಟ್ಟಿರುತ್ತಾರೆ, ಯಾವುದನ್ನು ಓದಲಿ ಅಂತ ಅದರ ಪ್ರಶ್ನೆ. --ಮಲ್ಟಿ-ರಿಲೀಸ್ 21 ಅಂತ ಸೇರಿಸಿದರೆ ಮುಗಿಯಿತು. ಆದರೆ ಒಂದು ಸೆಟ್ಟಿಂಗ್ಸ್ ಫೈಲಿಗಾಗಿ ಮೂರ್ನಾಲ್ಕು ಹೊಸ ಜಾರ್ ಹೊರುವುದು ಸರಿ ಅನ್ನಿಸಲಿಲ್ಲ. ಜಾಕ್ಸ್‌ಬಿ ತೆಗೆದೆ. 12 ಸಾಲಿನ ಆ ಸೆಟ್ಟಿಂಗ್ಸನ್ನು ಸಾದಾ ಪ್ರಾಪರ್ಟೀಸ್ ಫೈಲಿಗೆ (ಸಾಲಿಗೊಂದು ಹೆಸರು, ಅದರ ಬೆಲೆ ಬರೆಯುವ ಪಠ್ಯ ಫೈಲು) ಬದಲಿಸಿದೆ.

ಹಂತ 4, ಫೆಬ್ರುವರಿ 6

ಚಿತ್ರ ತೆಗೆಯುವ ದಿನ. ಎಸ್ ಮತ್ತು ಆರ್ ಜೊತೆ -ಡಾಟ್‌ಔಟ್‌ಪುಟ್ ಕೊಟ್ಟು ಒಂದು ಫೋಲ್ಡರ್ ಹೆಸರು ಹೇಳಿದರೆ ಅದರಲ್ಲಿ ಸಮರಿ.ಡಾಟ್ ಅನ್ನುವ ಫೈಲ್ ಬರುತ್ತದೆ, ಗ್ರಾಫ್‌ವಿಜ್‌ಗೆ ಕೊಟ್ಟರೆ ಎಸ್‌ವಿಜಿ ಚಿತ್ರ. ಮೊದಲ ಚಿತ್ರ ಓದುವ ಹಾಗೇ ಇರಲಿಲ್ಲ. ಎಲ್ಲ ಜಾರ್‌ಗಳಿಂದಲೂ ಜಾವಾ.ಬೇಸ್‌ಗೆ (ಎಲ್ಲರಿಗೂ ಬೇಕಾದ ಜಾವಾದ ಬುನಾದಿ) ಗೆರೆ, ಅದೇ ಗದ್ದಲ. ಡಾಟ್ ಫೈಲ್ ಸಾದಾ ಪಠ್ಯ ತಾನೇ, ಪಠ್ಯದಲ್ಲಿ ಹುಡುಕುವ ಗ್ರೆಪ್ ಕಮಾಂಡಿಗೆ -ವಿ ಹಾಕಿ ಜಾವಾ.ಬೇಸ್ ಇರುವ ಸಾಲುಗಳನ್ನು ತೆಗೆದು ಮತ್ತೆ ಚಿತ್ರ ಮಾಡಿದೆ. 20 ಡಬ್ಬಿ, 40ಕ್ಕೂ ಕಮ್ಮಿ ಗೆರೆ.

ಗಾಂಧಿ ಚೌಕದ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಎ3 ಕಾಗದದ ಮೇಲೆ ಎರಡು ಪ್ರತಿ ತೆಗೆಸಿ, ಒಂದನ್ನು ಕೋಲ್ಡ್ ಸ್ಟೋರೇಜಿನ ಆಫೀಸಿನ ಗೋಡೆಗೆ ಅಂಟಿಸಿದೆ. ಅಲ್ಲಿ ಲೆಕ್ಕ ನೋಡುವ ಕಾಕಾ ಒಬ್ಬರಿದ್ದಾರೆ. ಪ್ರೋಗ್ರಾಂ ಬಂದ ದಿನದಿಂದ ಅದರ ಮುಂದೆ ಕೂತವರು ಅವರೇ. ಕನ್ನಡಕ ಮೇಲೆ ಸರಿಸಿ ನೋಡಿದರು.

‘ಏನ್ ತಮ್ಮಾ ಇದು, ಶಾವಿಗಿ ಒಣಗ ಹಾಕಿದಂಗ ಐತಿ?’

‘ನಿಮ್ಮ ಪ್ರೋಗ್ರಾಂ ಕಾಕಾ. ಯಾವುದು ಯಾವುದರ ಮ್ಯಾಲೆ ನಿಂತೈತಿ ಅಂತ.’

ಅವರು ಬೆರಳು ಇಟ್ಟು ಒಂದೊಂದೇ ಗೆರೆ ಹಿಡಿದು ಹೋದರು. ಆಮೇಲೆ ಕೇಳಿದರು: ‘ಮತ್ತ ಎಕ್ಸೆಲ್ ಎಲ್ಲೈತಿ ಇದರಾಗ? ತಿಂಗಳಾ ಒಮ್ಮಿ ಎಕ್ಸೆಲ್ ತಗೀತೀನಲ್ಲ, ಆಡಿಟರ್‌ಗೆ ಕೊಡಾಕ.’

ಚಿತ್ರದಲ್ಲಿ ಎಕ್ಸೆಲ್‌ಗೆ ಸಂಬಂಧಪಟ್ಟ ಜಾರ್ ಇರಲಿಲ್ಲ. ‘ಬೇರೆ ಎಲ್ಲೋ ಇರಬೇಕು ಕಾಕಾ’ ಅಂದು ಮುಂದೆ ಹೋದೆ. ಅವರು ಕೇಳಿದ್ದು ಈ ಇಡೀ ಕೆಲಸದಲ್ಲೇ ಎಲ್ಲಕ್ಕಿಂತ ಸರಿಯಾದ ಪ್ರಶ್ನೆ. ಅಲ್ಲೇ ಕೂತು ಹುಡುಕಬೇಕಿತ್ತು.

ಹಂತ 5, ಫೆಬ್ರುವರಿ 8: ದೊಡ್ಡ ತಪ್ಪು

ಯಾರೂ ಕರೆಯದ 18 ಜಾರ್‌ಗಳನ್ನು ಒಂದೇ ಏಟಿಗೆ ತೆಗೆದುಹಾಕಿದೆ. ಜೆಡೆಪ್ಸ್ ಬೇಡ ಅಂದಿದೆ ಅಂತ ನಾನು ತಿಳಿದಿದ್ದೆ. ಅದು ಹಾಗೆ ಹೇಳಿರಲಿಲ್ಲ. ‘ಕ್ಲಾಸ್ ಫೈಲಿನಲ್ಲಿ ಬರೆದಿರುವ ಸಂಬಂಧಗಳಲ್ಲಿ ಇವು ಕಾಣಲಿಲ್ಲ’ ಅಂದಿತ್ತು, ಅಷ್ಟೇ.

ಜಾವಾ 8ರಲ್ಲೇ ಓಡಿಸಿ ನೋಡಿದೆ. ಪ್ರೋಗ್ರಾಂ ತೆರೆಯಿತು. ಲಾಗಿನ್ ಒತ್ತಿದ ತಕ್ಷಣ ‘ಕ್ಲಾಸ್ ನಾಟ್ ಫೌಂಡ್’. ಡೇಟಾಬೇಸಿನ ಜೊತೆ ಮಾತಾಡಿಸುವ ಮೈಎಸ್‌ಕ್ಯೂಎಲ್ ಡ್ರೈವರ್ ಜಾರ್ ಆ 18ರಲ್ಲೇ ಇತ್ತು. ಹಳೇ ಕಾಲದ ಪ್ರೋಗ್ರಾಂಗಳಲ್ಲಿ ಡ್ರೈವರನ್ನು ಕ್ಲಾಸ್.ಫಾರ್‌ನೇಮ್ ಅಂತ ಕರೆದು, ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಸಾದಾ ಅಕ್ಷರಗಳಾಗಿ ಕೊಡುತ್ತಿದ್ದರು. ಜೆಡೆಪ್ಸ್‌ಗೆ ಅದು ಬರೀ ಅಕ್ಷರ. ಅದೊಂದು ಕ್ಲಾಸಿನ ಹೆಸರು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಡ್ರೈವರ್ ವಾಪಸ್ ಹಾಕಿದೆ. ಈಗ ಕನೆಕ್ಷನ್ ಪೂಲ್ (ಡೇಟಾಬೇಸಿನ ಸಂಪರ್ಕಗಳನ್ನು ತೆರೆದಿಟ್ಟುಕೊಳ್ಳುವ ಜಾರ್) ಇಲ್ಲ ಅಂತ ದೂರು. ಅದೂ ವಾಪಸ್.

ಸರಿ, ಫಾರ್‌ನೇಮ್ ಇರುವ ಜಾಗಗಳನ್ನೆಲ್ಲ ಹುಡುಕೋಣ ಅಂತ ಜಾರ್ ಬಿಚ್ಚಿ, ಎಲ್ಲ ಕ್ಲಾಸುಗಳ ಮೇಲೆ, ಕ್ಲಾಸಿನ ಒಳಗಿನ ಸೂಚನೆಗಳನ್ನು ತೋರಿಸುವ ಜಾವಾಪಿ -ಸಿ -ಪಿ ಓಡಿಸಿ ಒಂದು ಪಠ್ಯ ಫೈಲಿಗೆ ಬರೆಸಿದೆ. ಅದರಲ್ಲಿ ಫಾರ್‌ನೇಮ್ ಸಾಲಿನ ಮೇಲಿನ ಮೂರು ಸಾಲು ಸಮೇತ ಗ್ರೆಪ್ ಮಾಡಿದರೆ, ಎಲ್‌ಡಿಸಿ (ಕೋಡಿನಲ್ಲೇ ಬರೆದ ಅಕ್ಷರಗಳನ್ನು ಎತ್ತಿಕೊಳ್ಳುವ ಸೂಚನೆ) ಅನ್ನುವ ಸಾಲಿನಲ್ಲಿ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಮೂರು ಜಾಗ ಸಿಕ್ಕವು. ಒಂದು ಡ್ರೈವರ್. ಉಳಿದ ಎರಡರಲ್ಲಿ ಎಲ್‌ಡಿಸಿಯೇ ಇಲ್ಲ, ಹೆಸರು ಪ್ರಾಪರ್ಟೀಸ್ ಫೈಲಿನಿಂದ ಬರುತ್ತದೆ. ಒಂದು ಪೂಲ್, ಇನ್ನೊಂದು ಮೆನು. ಮೆನುವಿನ ಪ್ರಾಪರ್ಟೀಸ್ ತೆರೆದರೆ ಅಲ್ಲಿ ಕೂತಿತ್ತು ಕಾಕಾ ಕೇಳಿದ ಎಕ್ಸೆಲ್. ಅದಕ್ಕೆ ಜೊತೆ ಜಾರ್ ಇನ್ನೊಂದು. ಎರಡೂ ವಾಪಸ್. ಕಾಕಾ ಕೇಳದೇ ಇದ್ದರೆ ಇದು ತಿಂಗಳ ಕೊನೆಗೆ, ಆಡಿಟರ್ ಮುಂದೆ ಗೊತ್ತಾಗುತ್ತಿತ್ತು.

ಇಷ್ಟಾದರೂ ಪರದೆ ಬೇರೆಯೇ ತರ ಕಾಣುತ್ತಿತ್ತು. ಬಣ್ಣ ಇಲ್ಲ, ಬಟನ್‌ಗಳು ಸಣ್ಣ. ಸ್ವಿಂಗ್‌ನ ವೇಷಭೂಷಣದ ಜಾರನ್ನು ಸೆಟ್‌ಲುಕ್‌ಅಂಡ್‌ಫೀಲ್ ಅನ್ನುವ ಮೆಥಡ್‌ಗೆ ಹೆಸರು ಕೊಟ್ಟು ಕರೆದಿದ್ದರು. ಇಲ್ಲಿ ಫಾರ್‌ನೇಮ್ ಅನ್ನುವ ಪದವೇ ನಮ್ಮ ಕೋಡಿನಲ್ಲಿ ಇಲ್ಲ, ಹಾಗಾಗಿ ನನ್ನ ಗ್ರೆಪ್‌ಗೂ ಸಿಗಲಿಲ್ಲ. ಐದನೇ ಜಾರ್ ವಾಪಸ್.

ಮತ್ತೆ ಮೊದಲಿಂದ ಮಾಡಿದೆ. 18 ಜಾರ್‌ಗಳ ಒಳಗಿನ ಪ್ಯಾಕೇಜ್ ಹೆಸರುಗಳನ್ನು ಪಟ್ಟಿ ಮಾಡಿ, ಆ ಒಂದೊಂದು ಹೆಸರನ್ನೂ ಜಾವಾಪಿ ಕೊಟ್ಟ ಪಠ್ಯದಲ್ಲಿ, ಎಲ್ಲ ಪ್ರಾಪರ್ಟೀಸ್ ಮತ್ತು ಎಕ್ಸ್‌ಎಂಎಲ್ ಫೈಲುಗಳಲ್ಲಿ ಹುಡುಕಿದೆ. ಆಮೇಲೆ ಒಂದು ಜಾರ್ ತೆಗೆಯುವುದು, ಓಡಿಸುವುದು, ಮೆನುವಿನ ಎಲ್ಲ 23 ಬಟನ್ ಒತ್ತುವುದು, ಗಿಟ್‌ನಲ್ಲಿ ಕಮಿಟ್ ಮಾಡುವುದು. ಬೇಜಾರಿನ ಕೆಲಸ. ರಾತ್ರಿ ಹನ್ನೊಂದಾಯಿತು, ನಡುವೆ ಎರಡು ಸಲ ಕರೆಂಟ್ ಹೋಯಿತು. ಆದರೆ 13 ಜಾರ್ ಧೈರ್ಯವಾಗಿ ಹೊರಗೆ ಹೋದವು. ಉಳಿದದ್ದು 24.

ಹಂತ 6, ಫೆಬ್ರುವರಿ 9, ಭಾನುವಾರ: ಕಾಟಾ

ಹಳೇ ಪ್ರೋಗ್ರಾಂ ಕಾಟಾದ ಜೊತೆ ಮಾತಾಡುತ್ತಿದ್ದುದು ಆರ್‌ಎಕ್ಸ್‌ಟಿಎಕ್ಸ್ ಅನ್ನುವ ಲೈಬ್ರರಿ ಮೂಲಕ, ಪ್ಯಾಕೇಜ್ ಹೆಸರು ಗ್ನು.ಐಒ. ಅದರ ಡಿಎಲ್‌ಎಲ್ (ವಿಂಡೋಸ್‌ಗೆ ಅಂತ ಬರೆದ ಭಾಗ) 32 ಬಿಟ್, ಹೊಸ ಜಾವಾ 64 ಬಿಟ್. ‘32 ಬಿಟ್ ಡಿಎಲ್‌ಎಲ್ ಅನ್ನು 64 ಬಿಟ್‌ನಲ್ಲಿ ಲೋಡ್ ಮಾಡಲಾಗದು’ ಅಂತ ದೋಷ. ಡಿಎಲ್‌ಎಲ್ ಕೂಡ ಜೆಡೆಪ್ಸ್‌ನ ಕಣ್ಣಿಗೆ ಬೀಳುವುದಿಲ್ಲ, ಅದು ಜಾರಿನ ಹೊರಗಿನ ವಸ್ತು.

ಆದರೆ ಯಾರು ಗ್ನು.ಐಒ ಮುಟ್ಟಿದ್ದಾರೆ ಅಂತ ಅದು ನಿಖರವಾಗಿ ಹೇಳಿತು. -ವರ್ಬೋಸ್:ಕ್ಲಾಸ್ ಮತ್ತು -ಪಿ ಗ್ನು.ಐಒ. ಉತ್ತರ: ಇಡೀ ಪ್ರೋಗ್ರಾಂನಲ್ಲಿ ಮೂರೇ ಕ್ಲಾಸು. ಇಲ್ಲಿ ನನಗೆ ನಿಜವಾಗಿ ಖುಷಿಯಾಯಿತು. 200ಕ್ಕೂ ಜಾಸ್ತಿ ಕ್ಲಾಸುಗಳಲ್ಲಿ ಹುಡುಕುತ್ತಾ ಕೂರುವ ಕೆಲಸ ಎರಡು ಸೆಕೆಂಡಿನಲ್ಲಿ ಮುಗಿಯಿತು. ಎರಡು ಕ್ಲಾಸಿನ ಸೋರ್ಸ್ ಸಿಡಿಯಲ್ಲಿತ್ತು, ಮೂರನೆಯದನ್ನು ಸಿಎಫ್ಆರ್‌ನಿಂದ ಬಿಡಿಸಿದೆ. ಮೂರನ್ನೂ ಜೆಸೀರಿಯಲ್‌ಕಾಮ್ ಅನ್ನುವ ಲೈಬ್ರರಿಗೆ ಬದಲಿಸಿದೆ. ಅದರ ನೇಟಿವ್ ಫೈಲುಗಳು ಜಾರಿನೊಳಗೇ ಇರುತ್ತವೆ, ಡಿಎಲ್‌ಎಲ್ ಬೇರೆ ಇಡಬೇಕಾಗಿಲ್ಲ.

ಕೇಬಲ್ ಹೊಸದು ತರಲು ಹೋದೆ: ಮೊದಲು ತಂದದ್ದು 280 ರೂಪಾಯಿಯದು. ವಿಂಡೋಸ್ 11ರಲ್ಲಿ ಡ್ರೈವರ್ ಹಿಡಿಯಲಿಲ್ಲ. ಎರಡನೆಯದು 750 ರೂಪಾಯಿ, ಹಾಕಿದ ತಕ್ಷಣ ಕಾಮ್3 ಅಂತ ಬಂತು. ಕಾಟಾ ಸೆಟ್ಟಿಂಗ್ 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1.

ಮೊದಲ ಬಾಕ್ಸ್ ಇಟ್ಟೆವು. ಕಾಟಾದ ಕೆಂಪು ಅಂಕಿ 15.20. ಪರದೆಯಲ್ಲಿ 5.20. ಮತ್ತೊಮ್ಮೆ ಇಟ್ಟರೆ 15.20. ಮೂರನೇ ಸಲ 20. ಜೆಸೀರಿಯಲ್‌ಕಾಮ್‌ನ ಓದುವ ಮೆಥಡ್ ಏನೂ ಹೇಳದಿದ್ದರೆ ಕಾಯುವುದಿಲ್ಲ, ಆ ಕ್ಷಣಕ್ಕೆ ಎಷ್ಟು ಅಕ್ಷರ ಬಂದಿದೆಯೋ ಅಷ್ಟನ್ನೇ ಕೊಟ್ಟುಬಿಡುತ್ತದೆ. ಕಾಟಾ ಒಂದೊಂದು ತೂಕದ ಕೊನೆಗೂ ಸಾಲು ಮುಗಿಯುವ ಚಿಹ್ನೆ ಕಳಿಸುತ್ತದೆ. ಆ ಚಿಹ್ನೆ ಬರುವ ತನಕ ಕೂಡಿಸಿಟ್ಟು, ಎರಡು ಚಿಹ್ನೆಗಳ ನಡುವಿನ ಪೂರ್ತಿ ಸಾಲನ್ನು ಮಾತ್ರ ತೂಕ ಅಂತ ಒಪ್ಪುವ ಹಾಗೆ ಬರೆದೆ. ಹತ್ತು ಕೆಜಿ ಕಮ್ಮಿ ತೂಕದ ಪಾವತಿ ರೈತನ ಕೈಗೆ ಹೋಗಿದ್ದರೆ ಅದು ಅವನ ದುಡ್ಡು. ಅದಕ್ಕೇ ಈ ಒಂದು ಭಾಗವನ್ನು ಮೂರು ಸಲ ಬರೆದು, ಒಂದೇ ಬಾಕ್ಸನ್ನು 50 ಸಲ ಇಟ್ಟು ತೆಗೆದು ನೋಡಿದೆವು. ಕೇಬಲ್ ಕಿತ್ತು ಹಾಕಿಯೂ ನೋಡಿದೆವು. ಪ್ರೋಗ್ರಾಂ ಮುಚ್ಚಿಕೊಳ್ಳಲಿಲ್ಲ, ‘ಕಾಟಾ ಸಿಗುತ್ತಿಲ್ಲ’ ಅಂತ ಹೇಳಿ ಕಾಯಿತು.

ಹಂತ 7, ಫೆಬ್ರುವರಿ 11: ಬೇಸ್64

ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಎರಡು ಕ್ಲಾಸಿನಲ್ಲಿ ಹಳೇ ಹೆಸರು ತೆಗೆದು ಹೊಸದು ಹಾಕಿದೆ, ಕಂಪೈಲ್ ಆಯಿತು. ಓಡಿಸಿದರೆ ‘ಇಲ್ಲೀಗಲ್ ಬೇಸ್64 ಕ್ಯಾರೆಕ್ಟರ್ ಡಿ’. ಪಾವತಿಯ ಕೆಳಗೆ ಬರುವ ಸಹಿಯ ಚಿತ್ರವನ್ನು ಬೇಸ್64 ಮಾಡಿ ಫೈಲಿನಲ್ಲಿ ಇಟ್ಟಿದ್ದರು. ಹಳೇ ಎನ್‌ಕೋಡರ್ 76 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತಿತ್ತು. ಹೊಸ ಸಾದಾ ಡಿಕೋಡರ್‌ಗೆ ಸಾಲು ಮುರಿದರೆ ಆಗುವುದಿಲ್ಲ. ದೋಷದ ಸಾಲಿನಲ್ಲಿದ್ದ ಆ ‘ಡಿ’ ಅಕ್ಷರವಲ್ಲ, ಹದಿನಾರರ ಲೆಕ್ಕದಲ್ಲಿ 13, ಅಂದ್ರೆ ವಿಂಡೋಸ್‌ನಲ್ಲಿ ಸಾಲು ಮುರಿಯುವಾಗ ಬರುವ ಮೊದಲ ಗುಪ್ತ ಚಿಹ್ನೆ. ಅದನ್ನು ಇಂಗ್ಲಿಷ್ ಅಕ್ಷರ ಅಂತ ತಿಳಿದು ಫೈಲಿನಲ್ಲಿ ಹುಡುಕಿ 40 ನಿಮಿಷ ಕಳೆದೆ. ಸಾದಾ ಡಿಕೋಡರ್ ಬದಲು ಮೈಮ್ ಡಿಕೋಡರ್ ಕರೆದರೆ ಸಾಲು ಮುರಿದದ್ದನ್ನೂ ಓದುತ್ತದೆ. ಒಂದು ಪದ ಬದಲಿಸಿದೆ, ಸಹಿ ಬಂತು.

ಹಂತ 8, ಫೆಬ್ರುವರಿ 12: ನುಡಿ ಅಕ್ಷರ

ಎಲ್ಲ ಸೇರಿಸಿ ಜಾವಾ 21ರಲ್ಲಿ ಮೊದಲ ಪಾವತಿ ಮುದ್ರಿಸಿದೆ. ರೈತರ ಹೆಸರು ಸರಿ. ಊರಿನ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ತುಂಬಿದ ಕಪ್ಪು ವಜ್ರಗಳ ಸಾಲು. ಊರುಗಳ ಪಟ್ಟಿ ಒಂದು ಪಠ್ಯ ಫೈಲಿನಲ್ಲಿದೆ, ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಕಾಲದ ನುಡಿ ಯೂನಿಕೋಡ್ ಅಲ್ಲ. ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು, ಅಲ್ವಾ?

ನಾನು ಮತ್ತೆ ಜೆಡೆಪ್ಸ್ ಹಿಡಿದು, ಯಾವ ಜಾರ್ ತೆಗೆದದ್ದರಿಂದ ಹೀಗಾಯಿತು ಅಂತ ಎರಡು ಗಂಟೆ ಹುಡುಕಿದೆ. ಯಾವುದರಿಂದಲೂ ಆಗಿರಲಿಲ್ಲ. ಜಾವಾ 18ರಿಂದ ಫೈಲ್ ಓದುವ ಡೀಫಾಲ್ಟ್ ಸಂಕೇತಪದ್ಧತಿ ಎಲ್ಲ ಕಡೆ ಯುಟಿಎಫ್-8 ಆಗಿದೆ. ಅದಕ್ಕೂ ಹಿಂದೆ ವಿಂಡೋಸ್ ಏನು ಹೇಳುತ್ತದೋ ಅದು, ನಮ್ಮ ಯಂತ್ರಗಳಲ್ಲಿ ವಿಂಡೋಸ್-1252, ಅದೇ ಯುರೋಪಿನ ಅಕ್ಷರಗಳ ಪದ್ಧತಿ. ನುಡಿಯ ಸಂಕೇತಗಳನ್ನು ಯುಟಿಎಫ್-8 ಅಂತ ಓದಿದರೆ ವಜ್ರವೇ ಬರುವುದು. ಜಾವಾ ಶುರು ಮಾಡುವ ಸಾಲಿನಲ್ಲಿ ಫೈಲ್.ಎನ್‌ಕೋಡಿಂಗ್ ಬೆಲೆಯನ್ನು ಕಾಂಪ್ಯಾಟ್ ಅಂತ ಕೊಟ್ಟೆ, ಹಳೇ ನಡವಳಿಕೆ ವಾಪಸ್ ಬಂತು. ಬಬಲೇಶ್ವರ, ಇಂಡಿ, ತಿಕೋಟಾ, ಎಲ್ಲ ಊರೂ ಸರಿಯಾಗಿ ಕಂಡವು.

ಹಂತ 9, ಫೆಬ್ರುವರಿ 13: ಚಿಕ್ಕ ಜಾವಾ ಕಟ್ಟಿದ್ದು

ಇನ್ನೊಬ್ಬರು ಬಂದು ಆ ಯಂತ್ರದಲ್ಲಿ ಬೇರೆ ಜಾವಾ ಹಾಕಿ ಕೆಡಿಸಬಾರದು ಅಂತ, ಪ್ರೋಗ್ರಾಂ ಜೊತೆಗೇ ಅದಕ್ಕೆ ಬೇಕಾದಷ್ಟು ಜಾವಾ ಮಾತ್ರ ಇಡುವ ಯೋಚನೆ. ಜೆಡೆಪ್ಸ್‌ಗೆ --ಪ್ರಿಂಟ್-ಮಾಡ್ಯೂಲ್-ಡೆಪ್ಸ್ ಕೊಟ್ಟರೆ ಬೇಕಾದ ಮಾಡ್ಯೂಲ್‌ಗಳ (ಜಾವಾದ ಬಿಡಿ ಭಾಗಗಳ) ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಕೊಡುತ್ತದೆ. ಹಳೇ ಲೈಬ್ರರಿಗಳಲ್ಲಿ ನಾವು ಬಳಸದ ಐಚ್ಛಿಕ ಭಾಗಗಳಿಗಾಗಿ ಅದು ನಿಲ್ಲಬಾರದು ಅಂದ್ರೆ --ಇಗ್ನೋರ್-ಮಿಸ್ಸಿಂಗ್-ಡೆಪ್ಸ್ ಕೂಡ ಬೇಕು. ಆ ಸಾಲನ್ನು ಹಾಗೇ ಜೆಲಿಂಕ್‌ಗೆ, ಅಂದ್ರೆ ಬೇಕಾದ ಮಾಡ್ಯೂಲ್ ಮಾತ್ರ ಸೇರಿಸಿ ಚಿಕ್ಕ ಜಾವಾ ಕಟ್ಟುವ ಹತಾರಕ್ಕೆ ಕೊಟ್ಟೆ.

ಮೊದಲ ಸಲ ಉಬುಂಟುವಿನಲ್ಲಿ ಕಟ್ಟಿ ಪೆನ್‌ಡ್ರೈವಿನಲ್ಲಿ ಒಯ್ದೆ. ವಿಂಡೋಸ್‌ನಲ್ಲಿ ಓಡಲಿಲ್ಲ, ಏಕೆಂದರೆ ಒಳಗಿದ್ದದ್ದು ಲಿನಕ್ಸ್‌ನ ಜಾವಾ. 22 ಕಿಲೋಮೀಟರ್ ಹೋಗಿ ಬಂದದ್ದು ವ್ಯರ್ಥ. ಅದೇ ಆವೃತ್ತಿಯ ವಿಂಡೋಸ್ ಜೆಡಿಕೆ ಇಳಿಸಿ, ಅದರ ಮಾಡ್ಯೂಲ್‌ಗಳಿರುವ ಜೆಮಾಡ್ಸ್ ಫೋಲ್ಡರನ್ನು ಮಾಡ್ಯೂಲ್-ಪಾತ್ ಆಗಿ ಕೊಟ್ಟು ಮತ್ತೆ ಕಟ್ಟಿದೆ. 300 ಎಂಬಿಗೂ ಜಾಸ್ತಿ ಇರುವ ಜೆಡಿಕೆ ಬದಲು 78 ಎಂಬಿಯ ಫೋಲ್ಡರು.

ಓಡಿತು. ಕಾಕಾ ಒಂದು ಪಾವತಿ ತೆಗೆದು ಕೈಯಲ್ಲಿ ಹಿಡಿದು ನೋಡಿದರು. ‘ತಮ್ಮಾ, ಹದಿಮೂರನೇ ತಿಂಗಳು ಯಾವುದಪಾ ಇದು?’

ತಾರೀಕಿನ ಜಾಗದಲ್ಲಿ 2/13/25. ಅಮೆರಿಕದ ರೀತಿ, ತಿಂಗಳು ಮೊದಲು. ನಮ್ಮ ಪ್ರೋಗ್ರಾಂ ಭಾರತದ ಇಂಗ್ಲಿಷ್ ಲೊಕೇಲ್ (ಆ ದೇಶದಲ್ಲಿ ತಾರೀಕು, ಅಂಕಿ ಬರೆಯುವ ರೀತಿ) ಕೇಳುತ್ತದೆ, ಆದರೆ ಅದರ ಮಾಹಿತಿ ಇರುವುದು ಜೆಡಿಕೆ.ಲೊಕೇಲ್‌ಡೇಟಾ ಅನ್ನುವ ಬೇರೆ ಮಾಡ್ಯೂಲಿನಲ್ಲಿ. ಯಾವ ಕ್ಲಾಸೂ ಅದನ್ನು ನೇರವಾಗಿ ಹೆಸರು ಹಿಡಿದು ಕರೆಯುವುದಿಲ್ಲ, ಓಡುವಾಗ ಜಾವಾ ತಾನೇ ಹುಡುಕಿಕೊಳ್ಳುತ್ತದೆ. ಹಾಗಾಗಿ ಜೆಡೆಪ್ಸ್ ಕೊಟ್ಟ ಸಾಲಿನಲ್ಲಿ ಅದು ಇರಲಿಲ್ಲ, ನಾನೂ ಹಾಕಲಿಲ್ಲ. ಆ ದಿನ 13 ಆಗಿದ್ದು ಪುಣ್ಯ. 5ನೇ ತಾರೀಕು ಆಗಿದ್ದರೆ 2/5/25 ಅಂತ ಬಂದು, ಯಾರೂ ಗಮನಿಸದೆ ಮೇ 2 ಅಂತ ಓದಿಕೊಳ್ಳುತ್ತಿದ್ದರು. ಬಾಡಿಗೆ ಲೆಕ್ಕ ಹಾಕುವುದು ಆ ತಾರೀಕಿನಿಂದಲೇ. ಮಾಡ್ಯೂಲ್ ಸೇರಿಸಿ, ಗಾತ್ರ ಹೆಚ್ಚಾಗದಂತೆ --ಇನ್‌ಕ್ಲೂಡ್-ಲೊಕೇಲ್ಸ್‌ನಲ್ಲಿ ಭಾರತದ್ದೊಂದೇ ಕೊಟ್ಟು ಮತ್ತೆ ಕಟ್ಟಿದೆ. 13/02/25.

ಹಂತ 10, ಫೆಬ್ರುವರಿ 15, ಶನಿವಾರ

ಹಳೇ ಮಾಲಿನ 42 ಬಾಕ್ಸ್ ತೂಗಿದೆವು. ಒಬ್ಬರು ಕಾಟಾದ ಅಂಕಿ ನೋಡಿ ಕಾಗದದ ಮೇಲೆ ಬರೆದುಕೊಂಡರು, ಇನ್ನೊಂದು ಕಡೆ ಪಾವತಿ. ಎಲ್ಲ 42 ತಾಳೆಯಾದವು. ಎಕ್ಸೆಲ್ ತೆಗೆದೆವು, ಜನವರಿಯ ಮೊತ್ತ ಹಳೇ ಮುದ್ರಿತ ಪ್ರತಿಗೆ ಹೊಂದಿತು. ಗೋಡೆಯ ಮೇಲಿನ ಚಿತ್ರದಲ್ಲಿ ಇಲ್ಲದ ಐದು ಜಾರ್‌ಗಳನ್ನು ಕೆಂಪು ಪೆನ್ನಿನಲ್ಲಿ ಬರೆದು, ಚುಕ್ಕಿ ಗೆರೆ ಎಳೆದು, ಪಕ್ಕದಲ್ಲಿ ಯಾವ ಫೈಲಿನಿಂದ ಕರೆಯುತ್ತಾರೆ ಅಂತಲೂ ಬರೆದೆ.

ಖರ್ಚು: ಕೇಬಲ್ ಎರಡು ಸೇರಿ 1,030, ಎ3 ಪ್ರಿಂಟ್ 60, ಪೆನ್‌ಡ್ರೈವ್ 350, ಪೆಟ್ರೋಲ್ 600. ಒಟ್ಟು 2,040 ರೂಪಾಯಿ. ತಂತ್ರಾಂಶಕ್ಕೆ ಒಂದು ಪೈಸೆಯೂ ಇಲ್ಲ. ಸಮಯ ಸುಮಾರು 45 ಗಂಟೆ, ಅದರಲ್ಲಿ ನನ್ನ ತಪ್ಪುಗಳಿಗೆ ಹೋದದ್ದು 12 ಗಂಟೆ ಇರಬಹುದು. ಜಾಸ್ತಿ ಹೋದದ್ದು ಐದನೇ ಹಂತಕ್ಕೆ.

ಬಾಕಿ ಉಳಿದದ್ದು ಎರಡು. ಲಾಗ್4ಜೆ 1.2 (ಪ್ರೋಗ್ರಾಂ ಏನು ಮಾಡಿತು ಅಂತ ಬರೆದಿಡುವ ಲೈಬ್ರರಿ) ಇನ್ನೂ ಒಳಗಿದೆ. ಅದರ ಬೆಂಬಲ 2015ರಲ್ಲೇ ನಿಂತಿದೆ, ತೆಗೆಯಲೇಬೇಕು. ಯಾರು ಅದನ್ನು ಕರೆಯುತ್ತಾರೆ ಅಂತ -ಪಿ ಹಾಕಿ ನೋಡಿದೆ, 61 ಕ್ಲಾಸು. ಸೀಸನ್ ನಡುವೆ ಕೈ ಹಾಕುವ ಕೆಲಸ ಅಲ್ಲ. ಇನ್ನೊಂದು, ಊರುಗಳ ಪಟ್ಟಿಯನ್ನು ಯೂನಿಕೋಡ್‌ಗೆ ತರುವುದು. ಅದಾದ ಮೇಲೆ ಕಾಂಪ್ಯಾಟ್ ತೆಗೆಯಬಹುದು. ಎರಡನ್ನೂ ಮಳೆಗಾಲದಲ್ಲಿ, ಆವಕ ನಿಂತ ಮೇಲೆ ಮಾಡೋಣ ಅಂತ ಮಾಲಕರ ಜೊತೆ ಮಾತಾಗಿದೆ.